ಬಾಣಂತಿ ಖೋಲಿಯ ನೆಲ

ಹಳೆಯ ಬಾಗಿಲು ಕೊಳ್ಳಲು ಬರುವವರು ಮೊದಲು ಕೆತ್ತನೆ ನೋಡುತ್ತಾರೆ. ಅದು ತಪ್ಪು. ಬಾಗಿಲಿನ ಕೆಳಗಿನ ಅಂಚಿಗೆ ಉಗುರು ಒತ್ತಿ ನೋಡಬೇಕು. ಎಷ್ಟೋ ಮಳೆಗಾಲ ಕುಡಿದ ನೀರೆಲ್ಲ ಅಲ್ಲೇ ಕೂತಿರುತ್ತದೆ. ಕೆಡವಿದ ಮನೆಗಳ ಬಾಗಿಲು, ಕಿಟಕಿ, ತೊಲೆ, ಯಾರದೋ ಕಟ್ಟಡದಲ್ಲಿ ಉಳಿದ ಟೈಲ್ಸ್, ಇವನ್ನೇ ಕೊಂಡು ಮಾರಿ ಬದುಕು ಕಟ್ಟಿಕೊಂಡವನು ನಾನು. ತಳ್ಳುಗಾಡಿಯಿಂದ ಶುರುವಾದದ್ದು ಈಗ ಬೆಟಗೇರಿಯಲ್ಲಿ ಒಂದು ಅಂಗಡಿಯಾಗಿದೆ. ಚೌಕಾಸಿಯಲ್ಲಿ ನನ್ನನ್ನು ಮಣಿಸಿದವರು ಮುಂಡರಗಿಯಿಂದ ಶಿರಹಟ್ಟಿಯ ತನಕ ಹುಡುಕಿದರೂ ಬಹಳ ಸಿಗಲಿಕ್ಕಿಲ್ಲ. ಹೀಗಾಗಿ ಆ ರವಿವಾರ ಬೀಗತಿ ನನ್ನ ಮನೆ ನೋಡಲು ಬರುತ್ತಾರೆ ಎಂದಾಗ ನನಗೆ ಅಳುಕಿರಲಿಲ್ಲ.

ಅವರು ಬರುತ್ತಿದ್ದ ಕಾರಣ ಹೇಳಬೇಕು. ನನಗೆ ಒಬ್ಬಳೇ ಮಗಳು, ಲಕ್ಷ್ಮೇಶ್ವರಕ್ಕೆ ಕೊಟ್ಟಿದೆ. ಆಕೆ ಬಸುರಿಯಾದ ಸುದ್ದಿ ಬರುವ ಮೊದಲೇ, ಹಿಂದಿನ ಚಳಿಗಾಲದಲ್ಲಿ, ನನ್ನ ಹೆಂಡತಿ ತೀರಿಕೊಂಡಿದ್ದಳು. ನಮ್ಮ ಕಡೆ ಮೊದಲ ಹೆರಿಗೆ, ಬಾಣಂತನ ತವರಿನದು. ದವಾಖಾನೆಯಿಂದ ಕೂಸು ನೇರ ತಾಯಿಯ ತವರುಮನೆಗೆ ಬರಬೇಕು. ಸೀಮಂತದ ಕುಬುಸ ಮಾಡಿದ ದಿನ ನಾನು ಲಕ್ಷ್ಮೇಶ್ವರದಲ್ಲಿ ಎಲ್ಲರೆದುರು ಮಗಳನ್ನು ಕರೆದೆ. ಬೀಗತಿ ಉಡಿಯಕ್ಕಿ ಸರಿಮಾಡುತ್ತ, "ಮನಿ ನೋಡಿ ಹೇಳ್ತೀನ್ರಿ ಬೀಗರ. ಹೆಣ್ಣು ದಿಕ್ಕಿಲ್ಲದ ಮನಿ ಅದು" ಅಂದರು. ಅಂದದ್ದು ಸುಳ್ಳಲ್ಲ. ಆದರೆ ಸುಳ್ಳಲ್ಲದ ಮಾತನ್ನು ಎಲ್ಲರೆದುರು ಆಡಿಸಿಕೊಂಡರೆ ಅದು ಎದೆಯಲ್ಲಿ ನಾಟಿಕೊಳ್ಳುತ್ತದೆ. ಮಗಳ ಬಾಣಂತನ ನನ್ನ ಮನೆಯಲ್ಲೇ ಆಗಬೇಕು ಎಂದು ಅಂದೇ ಗಟ್ಟಿ ಮಾಡಿಕೊಂಡೆ. ಹೆಂಡತಿ ಇದ್ದಿದ್ದರೆ ಮಾಡುತ್ತಿದ್ದುದನ್ನು ನಾನು ಮಾಡಿ ತೋರಿಸಿದರೆ, ಆಕೆ ಅಷ್ಟಾದರೂ ಮನೆಯಲ್ಲಿ ಉಳಿದಂತೆ ಅಂದುಕೊಂಡಿದ್ದೆ.

ನಮ್ಮ ಮನೆಯ ಹಿಂದಿನ ಖೋಲಿಗೆ ಮಣ್ಣಿನ ನೆಲವಿತ್ತು. ಹೆಂಡತಿ ಪ್ರತಿ ವಾರ ಸಗಣಿ ಹಾಕಿ ಸಾರಿಸುತ್ತಿದ್ದಳು. ಕೊನೆಯ ದಿನಗಳಲ್ಲಿ ಮಲಗಿದ್ದೂ ಅಲ್ಲೇ. ಆಕೆ ಹೋದ ಮೇಲೆ ಸಾರಿಸುವವರಿಲ್ಲದೆ ನೆಲ ಎದ್ದು ಪುಡಿಪುಡಿಯಾಗಿತ್ತು. ನಾನು ಅದನ್ನು ಅಗೆಸಿ, ಅಂಗಡಿಯಲ್ಲಿದ್ದ ಬಿಳಿ ಟೈಲ್ಸ್ ಹಾಕಿಸಿದೆ. ಮುಖ ಕಾಣುವಷ್ಟು ಹೊಳಪು. ಕತ್ತಲೆ ಖೋಲಿಗೆ ಬೆಳಕು ಬರಲೆಂದು ಗೋಡೆ ಒಡೆಸಿ ದೊಡ್ಡ ಕಿಟಕಿ ಕೂರಿಸಿದೆ. ಗೋಡೆಗೆ ತಿಳಿಹಸಿರು ಬಣ್ಣ ಹಚ್ಚಿಸಿದೆ. ದವಾಖಾನೆಯಲ್ಲಿ ನೋಡಿದ್ದೆನಲ್ಲ, ಕೂಸು ಹುಟ್ಟುವ ಜಾಗವೆಲ್ಲ ಹೀಗೇ ಇರುತ್ತದೆ.

ಆ ದಿನ ನಸುಕಿನಿಂದಲೇ ಮಳೆ. ಧೋ ಎನ್ನುವ ಮಳೆಯಲ್ಲ, ನಿಂತೂ ನಿಲ್ಲದ ಜಿಟಿಜಿಟಿ. ನಮ್ಮದು ಮಣ್ಣಿನ ಮಾಳಿಗೆಯ ಮನೆ. ಇಂಥ ಮನೆಗೆ ದೊಡ್ಡ ಮಳೆ ಅಷ್ಟು ಶತ್ರುವಲ್ಲ, ನೀರು ನಿಲ್ಲದೆ ಆಚೆ ಓಡಿಹೋಗುತ್ತದೆ. ಜಿಟಿಮಳೆ ಕೂತು ಮಣ್ಣನ್ನು ಮೆತ್ತಗೆ ಮಾಡುತ್ತದೆ. ಹೊಸ ಬಣ್ಣದ ಗೋಡೆಯ ಮೇಲೆ ಒಂದು ಕಂದು ಗೆರೆ ಇಳಿಯುತ್ತಿರುವುದು ಕಂಡು ಏಣಿ ಹಾಕಿ ಮೇಲೆ ಹತ್ತಿದೆ. ಮಾಳಿಗೆಯ ಮೇಲೆ ಹುಲ್ಲು ಬೆಳೆದು ಅದರ ಬೇರಿನ ದಾರಿಯಲ್ಲಿ ನೀರು ಒಳಗಿಳಿಯುತ್ತಿತ್ತು. ಮಳೆ ಬೀಳುವಾಗ ಆ ಹುಲ್ಲು ಕೀಳಬಾರದು, ಕಿತ್ತರೆ ತೂತು ದೊಡ್ಡದಾಗುತ್ತದೆ. ಬುಡಕ್ಕೆ ಒಣಮಣ್ಣು ಒತ್ತಿ, ಮೇಲೆ ತಾಡಪತ್ರಿ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು ಇಳಿದೆ. ಬಚ್ಚಲಿನ ಒಲೆಯ ಬೂದಿ ತೆಗೆದೆ, ಹಂಡೆ ಹುಣಸೆಹಣ್ಣಿನಿಂದ ತಿಕ್ಕಿದೆ. ಖೋಲಿಯ ಬಾಗಿಲು ಮಳೆಗೆ ಉಬ್ಬಿ ಹೊಸ್ತಿಲಿಗೆ ತಾಗುತ್ತಿತ್ತು, ಅದನ್ನು ಕಳಚಿ ಅಂಚು ಹೆರೆದು ಮತ್ತೆ ಕೂರಿಸಿದೆ.

ಅಡಿಗೆಗೆ ಬಾಜೂ ಮನೆಯ ದೊಡ್ಡವ್ವ ಬಂದಿದ್ದಳು. ನಮ್ಮ ಓಣಿಯ ಅರ್ಧ ಕೂಸುಗಳಿಗೆ ನೀರು ಎರೆದ ಕೈ ಅವಳದು. ನನ್ನ ಮೊಮ್ಮಗುವಿಗೂ ನಾನೇ ಎರೆಯುತ್ತೇನೆ ಎಂದು ಮಾತು ಕೊಟ್ಟು, ಬಾಣಂತಿಗೆ ಬೇಕಾದ ಬಜೆ, ಅಜವಾನ, ಅರಿಷಿಣದ ಕೊಂಬು ತಾನೇ ಆರಿಸಿ ತಂದು ಡಬ್ಬಿಯಲ್ಲಿ ಹಾಕಿಟ್ಟಿದ್ದಳು.

"ಒಲಿ ಒಳಗ ಐತಿ, ನೀ ಯಾಕ ಹಿತ್ತಲದಾಗ ಹೊಗಿ ಎಬ್ಬಸಾಕತ್ತೀಲೇ?" ಎಂದು ಕೇಳಿದಳು.

"ಮಗಳೂ ಕೂಡ ಬರ್ತಾಳ, ಆಕಿಗೆ ಸುಟ್ಟ ಬದನಿಕಾಯಿ ಬೇಕಂತ. ಬಯಕಿ. ಗ್ಯಾಸಿನ ಮ್ಯಾಲ ಸುಟ್ರ ಅದಕ್ಕ ರುಚಿ ಎಲ್ಲಿ ಬರಬೇಕು, ಕೆಂಡಾನ ಬೇಕು."

"ಹೆಂಡ್ತಿ ಇದ್ದಾಗ ಒಂದ್ ದಿನಾ ಒಲಿ ಊದಿದಾವಲ್ಲ."

"ಈಗ ಊದಾಕತ್ತೀನಿ ನೋಡು."

ಹಿತ್ತಲಿನಲ್ಲಿ ತಗಡಿನ ಕೆಳಗೆ ಮೂರು ಕಲ್ಲು ಹೂಡಿದೆ. ಮಳೆಗಾಲದಲ್ಲಿ ಹತ್ತಿಕಟ್ಟಿಗೆ ತೇವ ಹಿಡಿಯುತ್ತದೆ, ಹಿಂದಿನ ರಾತ್ರಿಯೇ ಒಂದು ಹೊರೆ ಮನೆಯೊಳಗೆ ತಂದಿಟ್ಟುಕೊಳ್ಳಬೇಕು; ನಾನು ಇಟ್ಟುಕೊಂಡಿದ್ದೆ. ಸಗಣಿಯ ಕುಳ್ಳು ಪುಡಿಮಾಡಿ ಕೆಳಗೆ ಹಾಕಿದರೆ ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಬದನೆ ಗಿಡಗಳು ಹೆಂಡತಿ ಬಿಟ್ಟುಹೋದ ಬೀಜದವು. ನೆಟ್ಟವನು ನಾನು, ಕಾಯಿ ಮಾತ್ರ ಆಕೆಯ ಕೈಯಲ್ಲಿ ಆಗುತ್ತಿದ್ದಷ್ಟು ಆಗಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬಾಡಿಗೆ ಗಾಡಿ ಓಣಿಯ ಬಾಯಿಗೆ ಬಂದು ನಿಂತಿತು. ಬೀಗತಿ ಕೊಡೆ ಹಿಡಿದು ಮಗಳನ್ನು ಕೈಹಿಡಿದು ಕರೆತಂದರು. ಮಗಳು ಕಾಲು ತೊಳೆದವಳೇ "ಬದನಿಕಾಯಿ ಎಲ್ಲೈತಪ್ಪಾ?" ಎಂದು ಪಡಸಾಲೆ ದಾಟಿ ನೇರ ಹಿತ್ತಲಿಗೆ ಹೋದಳು. ಖೋಲಿಯ ಕಡೆಗೆ ತಿರುಗಿಯೂ ನೋಡಲಿಲ್ಲ. ಬಯಕೆಯ ಅವಸರ ಎಂದುಕೊಂಡೆ.

ಬೀಗತಿ ಮನೆ ನೋಡಿದ ರೀತಿ ನನಗೆ ಹಿಡಿಸಿತು. ನಾನು ಹಳೇಮನೆ ನೋಡುವ ಹಾಗೆಯೇ. ಮಾತಿಲ್ಲ, ಕಣ್ಣು ಮಾತ್ರ. ಬಚ್ಚಲಿಗೆ ಇಣುಕಿ ಹಂಡೆಯ ಕಂಠಕ್ಕೆ ಬೆರಳು ಹಚ್ಚಿ ನೋಡಿದರು. ಖೋಲಿಗೆ ಬಂದು ಒಂದು ಕಾಲಿಟ್ಟವರು ಹಾಗೇ ಹಿಂದೆ ಎಳೆದುಕೊಂಡರು.

"ಇದೇನ್ರಿ ಬೀಗರ, ಬಾಣಂತಿ ಖೋಲೀನೋ, ಸಾವುಕಾರ್ರ ಬೈಠಕ್ಕೋ?"

"ಯಾಕ್ರಿ ಅಕ್ಕಾರ? ಚಲೋ ಆಗಿಲ್ಲೇನು?"

"ಭಾಳ ಚಲೋ ಆಗೈತಿ. ನೆಲಾ ಮಂಜಿನಗಡ್ಡಿ ಆಗೈತಿ. ಹಸಿ ಬಾಣಂತಿ ಇದರ ಮ್ಯಾಲ ಕಾಲಿಟ್ರ ತಂಪು ನೆತ್ತಿಗೇರ್ತೈತಿ. ಮತ್ತ ಆ ಖಿಡಕಿ ಏನು, ಕೂಸಿಗೆ ಜಾತ್ರಿ ತೋರ್ಸಾಕೇನು? ಬಾಣಂತಿ ಖೋಲಿಗೆ ಯಾರರ ಗಾಳಿ ಬಿಡ್ತಾರೇನ್ರಿ?"

ದೊಡ್ಡವ್ವ ಬಾಗಿಲಲ್ಲಿ ನಿಂತು ಸೆರಗಿನಲ್ಲಿ ನಗು ಮುಚ್ಚಿಕೊಂಡಳು. "ನಾನೂ ಹೇಳಾಕ ಬಂದಿದ್ದೆ. ಅಷ್ಟರಾಗ ಸಿಮೆಂಟ್ ಒಣಗಿತ್ತು" ಅಂದಳು.

ನಾನು ಇದುವರೆಗೆ ಹೆಣ್ಣುಮಕ್ಕಳ ಕೆಲಸದ ಜಾಗವನ್ನು ಅವರನ್ನು ಕೇಳದೆ ಸುಧಾರಿಸಿದ ಎಷ್ಟೋ ಗಿರಾಕಿಗಳಿಗೆ ಬುದ್ಧಿ ಹೇಳಿದ್ದೇನೆ. ಒಲೆಯ ಎತ್ತರ ಮನೆಯಾಕೆಯನ್ನು ಕೇಳಿ, ಆಮೇಲೆ ಕಲ್ಲು ಕೊಯ್ಸಿ ಎಂದಿದ್ದೇನೆ. ನನ್ನ ಮನೆಯಲ್ಲಿ ಕೇಳಲು ಆಕೆ ಇರಲಿಲ್ಲ, ಬೇರೆಯವರನ್ನು ಕೇಳುವುದು ನನಗೆ ಹೊಳೆಯಲಿಲ್ಲ.

ಸರಿ, ಬೆಲೆ ಕುಸಿದಾಗ ಬಾಯಿ ಮುಚ್ಚಬಾರದು. "ನೆಲಕ್ಕ ಸಾಗವಾನಿ ಹಲಗಿ ಹಾಸ್ತೀನ್ರಿ" ಅಂದೆ. "ನನ್ನ ಅಂಗಡ್ಯಾಗ ಅದಾವ. ಮ್ಯಾಲ ಗೋಣಿತಟ್ಟು, ಅದರ ಮ್ಯಾಲ ಕೌದಿ. ಖಿಡಕಿ ಇವತ್ತಽ ಮುಚ್ಚಸ್ತೀನಿ."

"ರಾತ್ರಿ ಕೂಸು ಅತ್ರ?"

"ನಾ ಅದೀನಲ್ರಿ."

"ನೀವಿದ್ದು? ಹಾಲು ಕುಡಸ್ತೀರೇನು?"

"ಕುಡಸಾಕಿ ಕೈಯಾಗ ಎತ್ತಿ ಕೊಡ್ತೀನ್ರಿ. ದೊಡ್ಡವ್ವ ಎರೀತಾಳ. ರೊಟ್ಟಿ ಮಾಡಾಕ ಒಬ್ಬಾಕಿನ ಗೊತ್ತು ಮಾಡೀನಿ. ಐದು ತಿಂಗಳ ನನ್ನ ಮನ್ಯಾಗ ಇರ್ಲಿ."

"ಐದು? ಒಂದೂವರಿ ಸಾಕು."

"ಅರ್ಧಾ ಮುಕ್ಕಾಲು ಬ್ಯಾಡ್ರಿ. ಬೆಸ ತಿಂಗಳದಾಗ ಕಳಸೂದು ಪದ್ಧತಿ. ಮೂರು."

ಅವರು ನನ್ನನ್ನು ನೋಡಿದರು, ಆಮೇಲೆ ಗೋಡೆಯ ಮೇಲಿನ ಕಂದು ಗೆರೆ ನೋಡಿದರು. "ಆತು ಬಿಡ್ರಿ. ಮೂರು ತಿಂಗಳ. ಹಲಗಿ ಮಾತ್ರ ನಾ ಬಂದು ನೋಡ್ತೀನಿ" ಎಂದರು.

ನಾನು ದೊಡ್ಡ ದೊಡ್ಡ ವಾಡೆಗಳ ವ್ಯಾಪಾರ ಕುದುರಿಸಿದ್ದೇನೆ. ಆ ದಿನದ ಹಿಗ್ಗು ಯಾವತ್ತೂ ಬಂದಿರಲಿಲ್ಲ. ದೊಡ್ಡವ್ವ ಬೀಗತಿಗೆ ಚಹಾ ಕೊಟ್ಟು ಕೂರಿಸಿದಳು. ನಾನು ಹಿತ್ತಲಿಗೆ ಓಡಿದೆ.

ಮಗಳು ತಗಡಿನ ಕೆಳಗೆ ಮಣೆಯ ಮೇಲೆ ಕೂತು, ಕಟ್ಟಿಗೆಯ ತುದಿಯಿಂದ ಬದನೆಕಾಯಿ ಹೊರಳಿಸುತ್ತಿದ್ದಳು. ಸಿಪ್ಪೆ ಸುಟ್ಟು ಬಿರಿದು ರಸ ಕೆಂಡಕ್ಕೆ ಬಿದ್ದು ಚುಂಯ್ ಅನ್ನುತ್ತಿತ್ತು. ಮೇಲೆ ತಗಡಿನ ಮೇಲೆ ಮಳೆ.

"ಒಪ್ಪಿದ್ರು ನೋಡವಾ" ಅಂದೆ. "ಮೂರು ತಿಂಗಳ. ಒಂದೂವರಿ ಅಂದಿದ್ರು, ನಾ ಬಿಡಲಿಲ್ಲ."

ಅವಳು ಇನ್ನೊಂದು ಕಾಯಿ ಹೊರಳಿಸಿದಳು. "ಅತ್ತಿನ್ನ ಒಪ್ಪಿಸಿದಿ. ನನ್ನ ಕೇಳಲಿಲ್ಲಪ್ಪಾ ನೀ."

"ನಿನ್ನ ಕೇಳೂದೇನೈತಿ? ನಿನ್ನ ತವರು."

"ನಾ ಇಲ್ಲಿ ಬರೂದಿಲ್ಲ."

ನೆಲ ಇಷ್ಟವಾಗಲಿಲ್ಲವೇ ಎಂದು ಕೇಳಿದೆ. ಟೈಲ್ಸ್ ಕೀಳಿಸುತ್ತೇನೆ, ಮಣ್ಣು ಹಾಕಿಸುತ್ತೇನೆ ಅಂದೆ. ಆ ಖೋಲಿ ಬೇಡವಾದರೆ ಪಡಸಾಲೆಯಲ್ಲೇ ಮರೆ ಕಟ್ಟಿಸುತ್ತೇನೆ ಅಂದೆ. ಒಂದೊಂದಾಗಿ ಮುಂದಿಡುತ್ತ ಹೋದೆ.

"ಯಾಪಾರಕ್ಕ ಇಳೀಬ್ಯಾಡಪ್ಪಾ" ಅಂದಳು. ದನಿ ಏರಿರಲಿಲ್ಲ. "ಲಕ್ಷ್ಮೇಶ್ವರದಾಗ ನಾ ರೊಟ್ಟಿ ಬಡೀಬೇಕಾದ್ರ, ಅವ್ವನೂ ಈಗ ಬೆಟಗೇರ್ಯಾಗ ರೊಟ್ಟಿ ಬಡ್ಯಾಕತ್ತಿರ್ತಾಳ ಅನ್ಕೋತೀನಿ. ಮಳಿ ಬಂದ್ರ, ಅವ್ವ ಅರಿವಿ ಒಳಗ ತಂದಾಳೋ ಇಲ್ಲೋ ಅನ್ಕೋತೀನಿ. ಹಂಗ ಅನ್ಕೊಂಡಽ ದಿನಾ ಹೊಂಟಾವ. ಇಲ್ಲಿ ಬಂದು ಮಲಗಿದ್ರ ಅದೂ ಹೋಕ್ಕೈತಿ. ಬಾಣಂತಿ ಆಗಿ ಕಣ್ಣು ತೆರದಾಗೆಲ್ಲಾ ಆಕಿ ಇಲ್ಲ ಅನ್ನೂದು ಕಾಣತೈತಿ. ಅದೊಂದನ್ನ ನನಗ ಬಿಡು."

ನಾನು ಒಲೆಯ ಕಲ್ಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತೆ. ಮತ್ತೆ ನಾನು? ಎಂದು ಕೇಳಬೇಕೆನಿಸಿತು. ಆಕೆ ಇಲ್ಲದ ಮನೆಯಲ್ಲಿ ದಿನಾ ಕಣ್ಣು ತೆರೆಯುವವನು ನಾನೇ. ಒಂದು ಕೂಸಿನ ಅಳುವಾದರೂ ಈ ಗೋಡೆಗಳೊಳಗೆ ಕೇಳಲಿ ಎಂದು ನಾನು ಇಷ್ಟೆಲ್ಲ ಅಗೆಸಿದ್ದು, ಒಡೆಸಿದ್ದು. ಆದರೆ ಎದುರಿನವರ ಕೈಯಲ್ಲಿರುವುದು ಅವರ ಕೊನೆಯ ಪದಾರ್ಥ ಎಂದು ತಿಳಿದ ಮೇಲೆ ಅದಕ್ಕೆ ದರ ಕೇಳಬಾರದು. ಇದು ನಾನು ಯಾರಿಗೂ ಹೇಳಿಕೊಟ್ಟದ್ದಲ್ಲ, ಅವತ್ತು ಅಲ್ಲೇ ತಿಳಿದದ್ದು.

ಅವಳು ಕಾಯಿಗಳನ್ನು ಕೆಂಡದಿಂದ ಈಚೆ ಎಳೆದು ಅಂದಳು, "ಅತ್ತಿಯವರಿಗೆ ಏನಂತ ಹೇಳ್ಲಿ? ತವರಽ ಬ್ಯಾಡ ಅಂದಾಕಿ ಅಂತಾರ. ಮಂದಿ ಬಾಯಾಗ ಅದು ಸಾಯೂತನಕ ಇರ್ತೈತಿ."

"ನೀ ಏನೂ ಹೇಳಬ್ಯಾಡ. ಕಾಯಿ ಸುಲಿ. ಬಿಸಿ ಅದಾವ, ನೀರಾಗ ಬೆರಳು ಅದ್ದಿಕೋ."

ಊಟಕ್ಕೆ ಕೂತಾಗ ದೊಡ್ಡವ್ವ ರೊಟ್ಟಿ ಹಾಕಿದಳು. ಸುಟ್ಟ ಬದನೆಕಾಯಿಗೆ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಜಜ್ಜಿ ಕಲಸಿದ್ದೆವು. ಬೀಗತಿ ಎರಡು ತುತ್ತು ಉಂಡು ಚೆನ್ನಾಗಿದೆ ಅಂದರು. ಆಗ ಹೇಳಿಬಿಟ್ಟೆ.

"ಅಕ್ಕಾರ, ನನ್ನ ಕೈಲೆ ಆಗೂದಿಲ್ಲ ಅನಸ್ತೈತ್ರಿ. ಬಾಣಂತನ ನೀವಽ ಮಾಡ್ರಿ."

ಅವರ ಕೈ ತಾಟಿನ ಮೇಲೆ ನಿಂತಿತು. "ಮಾತು ಕೊಟ್ಟು ಇನ್ನೂ ಚಹಾ ಕಪ್ಪು ಒಣಗಿಲ್ಲ."

"ನಾ ಒಬ್ಬಾವ್ರಿ. ಅಂಗಡಿ ನೋಡಬೇಕು. ಹೆಣ್ಣು ದಿಕ್ಕಿಲ್ಲದ ಮನಿ ಅಂತ ನೀವಽ ಅಂದಿದ್ರಿ."

"ಅಂದಿದ್ದೆ" ಎಂದರು ಬೀಗತಿ. "ನೀವು ಅದಕ್ಕ ನನ್ನ ಕೂಡ ಜಗಳಾ ತಗದ್ರಿ. ಅಪ್ಪ ಆದಾವ ಹಿಂಗಿರಬೇಕು ಅಂತ ಒಳಗ ಖುಷಿ ಪಟ್ಟಿದ್ದೆ. ಇರ್ಲಿ ಬಿಡ್ರಿ."

ಮಗಳು ತಲೆ ಎತ್ತಲಿಲ್ಲ. ತಾಟಿನಲ್ಲಿದ್ದುದನ್ನು ಒರೆಸಿ ಉಂಡಳು. ಇನ್ನೊಂದಿಷ್ಟು ಹಾಕೆಂದು ನನ್ನ ಕಡೆ ತಾಟು ಸರಿಸಿದಳು. ನನ್ನ ಪಾಲಿನದನ್ನೂ ಹಾಕಿದೆ.

ಹೊರಡುವಾಗ ದೊಡ್ಡವ್ವ ಅವಳಿಗೆ ಉಡಿ ತುಂಬಿದಳು. ಮಗಳು ನನ್ನ ಕಾಲು ಮುಟ್ಟಲು ಬಗ್ಗಹೋದಳು, ಆ ಹೊಟ್ಟೆಯಲ್ಲಿ ಬೇಡವೆಂದು ತೋಳು ಹಿಡಿದೆ. ಅವಳು ನನ್ನ ಕೈಯನ್ನು ಒಂದು ಗಳಿಗೆ ಗಟ್ಟಿಯಾಗಿ ಹಿಡಿದಳು. ಗಾಡಿ ಓಣಿ ದಾಟಿತು. ಕೂಸು ಮುಂದೆ ಲಕ್ಷ್ಮೇಶ್ವರದಲ್ಲೇ ಬೆಳೆಯಿತು. ನಿಜ ಏನಿತ್ತೆಂದು ಮಗಳೇ ಅತ್ತೆಗೆ ಹೇಳಿಕೊಂಡ ಮೇಲೆ, ಈಗ ಬರೆಯಲು ಅಡ್ಡಿಯಿಲ್ಲ ಎಂದಿದ್ದಾಳೆ. ಆದರೆ ಆ ಸಂಜೆ ಅದು ನನ್ನ ಹೊಟ್ಟೆಯಲ್ಲೇ ಇರಬೇಕಿತ್ತು.

ಒಳಗೆ ಬಂದರೆ ದೊಡ್ಡವ್ವ ಭಾಂಡೆ ತೊಳೆದು ಬೋರಲು ಹಾಕಿ, ಸೆರಗು ಒರೆಸಿಕೊಳ್ಳುತ್ತ ನಿಂತಿದ್ದಳು.

"ಖರ್ಚಿಗೆ ಅಂಜಿದಿ, ಹೌದಿಲ್ಲೋ?" ಅಂದಳು. "ತುಪ್ಪ, ಕೊಬ್ಬರಿ, ಅಂಟಿನುಂಡಿ, ರೊಟ್ಟಿ ಮಾಡಾಕಿ ಪಗಾರ, ಎಲ್ಲಾ ಲೆಕ್ಕಾ ಹಾಕಿದಿ. ಹುಟ್ಟಾ ಯಾಪಾರಸ್ಥ ನೀ. ಆಕಿ ಇದ್ದಿದ್ರ ಇವತ್ತ ನಿನ್ನ ಮನ್ಯಾಗ ನಿಂದರಗೊಡತಿರಲಿಲ್ಲ."

ನನ್ನನ್ನು ಬಲ್ಲವರು ಯಾರಾದರೂ ಅದನ್ನೇ ನಂಬುತ್ತಿದ್ದರು. ಮಗಳಿಗೆ ಅದಕ್ಕಿಂತ ಒಳ್ಳೆಯ ಮರೆ ಬೇರೆ ಇರಲಿಲ್ಲ.

"ಹೌದು ದೊಡ್ಡವ್ವ" ಅಂದೆ. "ಅಂಜಿದೆ."

ಅವಳು ಕಪಾಟಿನಿಂದ ಬಜೆ, ಅಜವಾನದ ಡಬ್ಬಿ ತೆಗೆದುಕೊಂಡಳು. ಮುಂದಿನ ಓಣಿಯಲ್ಲಿ ಒಬ್ಬಳಿಗೆ ದಿನ ತುಂಬಿವೆ, ಅಲ್ಲಾದರೂ ಉಪಯೋಗಕ್ಕೆ ಬರುತ್ತದೆ ಎಂದಳು. ಮಳೆ ಇನ್ನೂ ಬೀಳುತ್ತಿತ್ತು. ಕೊಡೆ ಒಯ್ಯಿ ಎಂದು ಬಾಗಿಲ ತನಕ ಹಿಡಿದುಕೊಂಡು ಹೋದೆ. ನಿನ್ನ ಕೊಡೆ ನೀನೇ ಇಟ್ಟುಕೋ ಎಂದು ಸೆರಗು ತಲೆಯ ಮೇಲೆ ಎಳೆದುಕೊಂಡು ಹೋದಳು.