ಕರೆಂಟಿಲ್ಲದೆ ಪಾಸಾದ ಬೋರ್ಡುಗಳು

ಆ ವರ್ಷದ ಖಂಡೇನವಮಿಯ ಮಧ್ಯಾಹ್ನ ನಮ್ಮ ನಾಸಿಕದ ಆಫೀಸಿನ ಗೋಡೆಯ ಮೇಲಿನ ಪರದೆ ಪೂರ್ತಿ ಹಸಿರಾಗಿತ್ತು. ಪರೀಕ್ಷೆಗಿಟ್ಟ ಎಲ್ಲ ಬೋರ್ಡುಗಳೂ ಪಾಸ್. ಮ್ಯಾನೇಜರ್ ಸಾಹೇಬರು ಬಾಯಿಗೆ ಪೇಢೆ ಹಾಕಿಕೊಂಡು "ದೇವೀಚೀ ಕೃಪಾ!" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೊಬ್ಬಳು ಕೈಯಲ್ಲಿ ಪೇಢೆ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಯಾಕೆಂದರೆ ಬೆಳಿಗ್ಗೆ ಪೂಜೆಗೆಂದು ಆ ಬೋರ್ಡುಗಳ ಮೇನ್ ಸ್ವಿಚ್ ಆಫ್ ಮಾಡಿದವಳು ನಾನೇ. ಆ ದಿನ ದುಡಿಮೆಯ ಸಾಮಾನಿಗೆ ವಿಶ್ರಾಂತಿ, ಮುಟ್ಟಬಾರದು. ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಬಾಗಿಲು ಎಳೆದುಕೊಂಡು ಬಂದಿದ್ದೆ.

"ಸರ್, ಒಳಗ ಕರೆಂಟಽ ಇಲ್ಲ! ಪಾಸ್ ಹೆಂಗಾದ್ವು?" ಎಂದೆ. ಸಿಟ್ಟು ಬಂದರೆ ನನ್ನ ಬಾಯಿಂದ ವಿಜಯಪುರದ ಕನ್ನಡವೇ ಬರುವುದು. ಅವರಿಗೆ ಒಂದಕ್ಷರ ತಿಳಿಯಲಿಲ್ಲ. ಮರಾಠಿಯಲ್ಲಿ ಮತ್ತೆ ಹೇಳಿದೆ. ಅವರು ನಕ್ಕು ಇನ್ನೊಂದು ಪೇಢೆ ತೆಗೆದುಕೊಂಡರು.

ನಮ್ಮ ಕಂಪನಿ ಮಾಡುವುದು ಕಾರ್ಖಾನೆಯ ಯಂತ್ರಗಳನ್ನು ನಡೆಸುವ ಕಂಟ್ರೋಲರ್ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಒಂದು ಬೋರ್ಡು. ಆ ಬೋರ್ಡನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುವುದು ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ಕರ್ನಲ್. ಅದರಲ್ಲಿ ಏನೇ ತಿದ್ದಿದರೂ ನಮ್ಮಲ್ಲಿರುವ ಹಳೆಯ, ಹೊಸ, ನಾನಾ ನಮೂನೆಯ ಬೋರ್ಡುಗಳ ಮೇಲೆಲ್ಲ ಓಡಿಸಿ ನೋಡಬೇಕು. ಹೊಸ ಬೋರ್ಡಿನ ಮೇಲೆ ಸರಸರ ಓಡಿದ್ದು ಹಳೆಯದರ ಮೇಲೆ ಕಾಲು ಚಾಚಿ ಮಲಗಿಬಿಡಬಹುದು. ಓಡಿಸುವ ಕೆಲಸವನ್ನು ಒಂದು ಸ್ಕ್ರಿಪ್ಟ್ ತಾನಾಗಿ ಮಾಡುತ್ತದೆ, ಫಲಿತಾಂಶ ಪರದೆಯ ಮೇಲೆ ಬರುತ್ತದೆ. ಸ್ಕ್ರಿಪ್ಟ್ ಬರೆದವರು ಸ್ವತಃ ಮ್ಯಾನೇಜರ್ ಸಾಹೇಬರು. ಅದನ್ನು ಮುಟ್ಟುವ ಅಧಿಕಾರ ಬೇರೆ ಯಾರಿಗೂ ಇರಲಿಲ್ಲ.

ಈ ಪರದೆಯ ಮಾತು ನಂಬಿಯೇ ಒಬ್ಬ ಮನುಷ್ಯನ ಅನ್ನಕ್ಕೆ ಕಲ್ಲು ಬಿದ್ದಿತ್ತು. ಸಂಭಾಜಿನಗರದ ಹತ್ತಿರ ವಾಳೂಜ್‌ನ ಒಂದು ಕಾರ್ಖಾನೆಯಲ್ಲಿ ನಮ್ಮ ಹಳೆಯ ಬೋರ್ಡಿನ ಪೆಟ್ಟಿಗೆಗಳಿದ್ದವು. ಹೊಸ ಕರ್ನಲ್ ಹಾಕಿದಂದಿನಿಂದ ಯಂತ್ರಗಳು ನಡುನಡುವೆ ನಿಂತುಬಿಡುತ್ತಿದ್ದವು. ಪೆಟ್ಟಿಗೆಗೆ ವೈರಿಂಗ್ ಮಾಡಿದವರು ನಮ್ಮ ಜಿಲ್ಲೆಯ ಇಂಡಿ ಕಡೆಯ ಗುತ್ತಿಗೆ ಎಲೆಕ್ಟ್ರಿಷಿಯನ್, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಅಲ್ಲೇ ಬಾಡಿಗೆ ಕೋಣೆಯಲ್ಲಿದ್ದವರು. ನಮ್ಮ ಸಾಹೇಬರು ಪ್ರತಿ ಸಲವೂ ಪರದೆಯತ್ತ ಬೆರಳು ಮಾಡಿ, ನಮ್ಮ ಕಡೆ ಎಲ್ಲ ಪಾಸ್, ವೈರಿಂಗ್ ನೋಡಿಕೊಳ್ಳಿ ಎಂದು ಕೈ ತೊಳೆದುಕೊಂಡರು. ಹಳೆಯ ಬೋರ್ಡನ್ನು ಕೈಯಾರೆ ಓಡಿಸಿ ನೋಡುತ್ತೇನೆಂದು ನಾನು ಬಾಯಿ ಬಡಿದುಕೊಂಡೆ. ಸಮಯವಿಲ್ಲ ಎಂದರು.

"ಅಕ್ಕಾರ, ಮತ್ತ ಎಲ್ಲಾ ಬಿಚ್ಚಿ ಕಟ್ಟೀನ್ರಿ," ಎಂದು ಆ ಎಲೆಕ್ಟ್ರಿಷಿಯನ್ ಫೋನಿನಲ್ಲಿ ಹೇಳುತ್ತಿದ್ದರು. "ಎಲ್ಲಿ ತಪ್ಪಾಕತ್ತೀನೋ ತಿಳಿವಲ್ದು." ದಸರೆಗೆ ಮುಂಚೆ ಕಾರ್ಖಾನೆಯವರು ಅವರ ಗೇಟ್ ಪಾಸ್ ಕಿತ್ತುಕೊಂಡು ಹೊರಗೆ ಕಳಿಸಿದ್ದರು.

ಹಬ್ಬ ಮುಗಿದ ಮೇಲೆ ನಾನು ಯಾರನ್ನೂ ಕೇಳಲಿಲ್ಲ. ಹಳೆಯ ಬೋರ್ಡಿಗೆ ನೇರವಾಗಿ ವೈರ್ ಚುಚ್ಚಿ, ಹೊಸ ಕರ್ನಲ್ ಹಾಕಿ, ಎದುರಿಗೇ ಕುಳಿತೆ. ಚಹಾ ತಣ್ಣಗಾಗುವಷ್ಟರಲ್ಲಿ ಬೋರ್ಡು ಗಪ್ಪಾಯಿತು. ತಪ್ಪಾಯಿತು ಅಂತಲೂ ಹೇಳಲಿಲ್ಲ, ಸತ್ತುಹೋಯಿತು ಅಷ್ಟೇ. ಪರದೆಯ ಮೇಲೆ ಅದು ಹಸಿರು! ಆಗ ತಿಳಿಯಿತು. ಆ ಸ್ಕ್ರಿಪ್ಟ್, ಬೋರ್ಡು ಬಾಯಿಬಿಟ್ಟು "ಫೇಲ್" ಎಂದರೆ ಮಾತ್ರ ಕೆಂಪು ತೋರಿಸುತ್ತಿತ್ತು. ಉತ್ತರವೇ ಬರದಿದ್ದರೆ ಪಾಸ್. ಕರೆಂಟಿಲ್ಲದ್ದೂ ಪಾಸ್, ಸತ್ತದ್ದೂ ಪಾಸ್.

ಸಾಹೇಬರ ಮುಂದೆ ಬೋರ್ಡು ತಂದಿಟ್ಟೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ ನೋಡಿ! ಹಿಂದೆ ಕೇಬಲ್ ಸಡಿಲಾಗಿ ಸುಮ್ಮಸುಮ್ಮನೆ ಕೆಂಪು ಬರುತ್ತಿತ್ತಂತೆ, ಮೇಲಧಿಕಾರಿಗಳು ಯಾಕೆಂದು ಕೇಳುತ್ತಿದ್ದರಂತೆ, ಅದಕ್ಕೇ ಹಾಗೆ ಬರೆದರಂತೆ. ಮುಂದಿನ ಕರ್ನಲ್ ಬಿಡುವಾಗ ಸರಿ ಮಾಡೋಣ, ವಾಳೂಜ್‌ಗೆ ಏನೂ ಹೇಳುವುದು ಬೇಡ ಎಂದರು.

"ಮತ್ತೆ ಆ ಎಲೆಕ್ಟ್ರಿಷಿಯನ್?"

"ಅಹೋ ಮ್ಯಾಡಮ್, ಅವನು ಗುತ್ತಿಗೆದಾರನ ಮನುಷ್ಯ. ನಮಗೇನು ಸಂಬಂಧ?"

ಸಂಬಂಧವಂತೆ, ಸಂಬಂಧ! ತಮ್ಮ ಗೋಡೆ ಹಸಿರಾಗಿ ಕಾಣಲೆಂದು ಇನ್ನೊಬ್ಬರ ಮುಖಕ್ಕೆ ಮಸಿ ಬಳಿಯುವಾಗ ಇವರಿಗೆ ಸಂಬಂಧವಿತ್ತೇ? ಕೆಲಸ ಹೋದರೆ ಹೋಗಲಿ ಎಂದುಕೊಂಡೆ. ಮರುದಿನ ರಜೆ ಹಾಕಿ, ಬೋರ್ಡನ್ನು ಡಬ್ಬಿಯಲ್ಲಿಟ್ಟುಕೊಂಡು ಸಂಭಾಜಿನಗರದ ಎಸ್‌ಟಿ ಬಸ್ಸು ಹತ್ತಿದೆ.

ವಾಳೂಜ್‌ನ ಕಾರ್ಖಾನೆಯ ಮೆಂಟೆನನ್ಸ್ ಮುಖ್ಯಸ್ಥರ ಟೇಬಲ್ಲಿನ ಮೇಲೆ ಬೋರ್ಡು ಓಡಿಸಿ ತೋರಿಸಿದೆ. ಹಳೆಯ ಕರ್ನಲ್ ಹಾಕಿದರೆ ನಡೆಯುತ್ತಲೇ ಇತ್ತು. ಹೊಸದು ಹಾಕಿದರೆ ಗಪ್. ಅದಕ್ಕೆ ಒಂದೂ ಯಂತ್ರದ ವೈರ್ ಜೋಡಿಸಿರಲಿಲ್ಲ. ಅವರು ಗಲ್ಲ ತುರಿಸಿಕೊಂಡು, "ಉಗಾಚ್ ತ್ರಾಸ್ ಝಾಲಾ ತ್ಯಾಲಾ," ಎಂದರು. ಸುಮ್ಮನೆ ಅವನಿಗೆ ತೊಂದರೆಯಾಯಿತಂತೆ! ಗೇಟಿನಲ್ಲಿ ಎಲ್ಲರೆದುರು ಬೈದು ಅಟ್ಟಿದ್ದಕ್ಕೆ ಅಷ್ಟೇ ಮಾತು. ನಾಳೆಯಿಂದ ಕೆಲಸಕ್ಕೆ ಬರಲಿ ಎಂದು ನನ್ನೆದುರೇ ಗುತ್ತಿಗೆದಾರನಿಗೆ ಫೋನ್ ಮಾಡಿಸಿದೆ. ಮಾಡುವವರೆಗೆ ಕುರ್ಚಿ ಬಿಟ್ಟು ಏಳಲಿಲ್ಲ.

ಈ ಸುದ್ದಿಯನ್ನು ನಾನೇ ಹೇಳಬೇಕೆಂದು ವಿಚಾರಿಸಿಕೊಂಡು ಅವರ ಕೋಣೆಗೆ ಹೋದೆ. ಅಕ್ಟೋಬರಿನ ಧಗೆ. ಒಳಗೆ ಯಾರೋ ಅಪರಿಚಿತ ಸ್ಟೂಲ್ ಹತ್ತಿ ಸೂರಿಗೆ ಹೊಸ ಫ್ಯಾನ್ ಜೋಡಿಸುತ್ತಿದ್ದ. ನಮ್ಮ ಎಲೆಕ್ಟ್ರಿಷಿಯನ್ ಕೆಳಗೆ ಸ್ಟೂಲ್ ಹಿಡಿದುಕೊಂಡು ನಿಂತಿದ್ದರು. ಅವರ ಹೆಂಡತಿ ನನಗೆ ನೀರು ಕೊಟ್ಟು, "ಬ್ಯಾರೇದವ್ರಿಗಿ ಕರದಾರ ನೋಡ್ರಿ. ತಾವು ವೈರಿಗಿ ಕೈ ಹಚ್ಚವಲ್ರು," ಎಂದರು.

ನಾನು ಎಲ್ಲ ಹೇಳಿದೆ. ಪರದೆ, ಸ್ಕ್ರಿಪ್ಟ್, ಸತ್ತ ಬೋರ್ಡು, ನಾಳೆಯ ಕೆಲಸ.

"ಅಂದ್ರ, ನಾ ಕಟ್ಟಿದ್ದು ಖರೇ ಇತ್ತೇನ್ರಿ?"

"ಮೊದಲನೇ ಸರ್ತಿನೂ ಖರೇ ಇತ್ತರೀ. ತಪ್ಪು ನಮ್ದು. ಇಳಸ್ರೀ ಅವ್ರನ್ನ, ನಿಮ್ಮ ಮನೀ ಫ್ಯಾನ್ ನೀವಽ ಕಟ್ರಿ."

ಅವರು ಮೇಲೆ ನೋಡಿದರು. ಸ್ಟೂಲ್ ಬಿಡಲಿಲ್ಲ.

"ಬ್ಯಾಡ್ರಿ ಅಕ್ಕಾರ, ಇದನ್ನ ಅವ್ರಽ ಕಟ್ಲಿ. ಹುಡುಗ್ರು ಇದರ ಕೆಳಗಽ ಮಲ್ಕೋತಾವ."