ಹಾರಿ ಬಂದ ಕೊಳೆ

ಮೂಡಲಪಾಳ್ಯದಲ್ಲಿ ನಾವು ಬಾಡಿಗೆಗಿರುವುದು ಮೇಲಿನ ಮಹಡಿಯಲ್ಲಿ. ಕೆಳಗೆ ಮಾಲೀಕರು, ಗಂಡ ಹೆಂಡತಿ ಇಬ್ಬರೇ. ಅಂಕಲ್ ಒಂದು ಕಾಲದಲ್ಲಿ ವಾಯುಪಡೆಯಲ್ಲಿ ವಿಮಾನಗಳ ರಿಪೇರಿ ನೋಡಿಕೊಳ್ಳುತ್ತಿದ್ದವರು. ಈಗ ಮರೆವು ಹೆಚ್ಚಾಗಿ, ಎದುರಿಗೆ ನಿಂತವರು ಹೆಂಡತಿಯೋ ಅಕ್ಕನೋ ತಿಳಿಯದಷ್ಟಾಗಿದೆ. ಆಂಟಿ ವಿಜಯನಗರದ ಮಾರ್ಕೆಟ್ಟಿಗೆ ಹೋಗುವಾಗ ಅವರನ್ನು ನನ್ನ ಕೋಣೆಯಲ್ಲಿ ಕೂರಿಸಿ ಹೋಗುತ್ತಿದ್ದರು.

ಪ್ಲಾಸ್ಟಿಕ್ ಬಿಡಿಭಾಗಗಳನ್ನು ಅಂಟಿಸಿ ಪುಟ್ಟ ವಿಮಾನಗಳನ್ನು ಮಾಡುವುದು, ಅವಕ್ಕೆ ಬಣ್ಣ ಹಚ್ಚುವುದು ನನ್ನ ಹುಚ್ಚು. ಆ ಸಲ ಅಂಕಲ್ ಖುಷಿಪಡಲಿ ಎಂದೇ ಅವರ ಕಾಲದ ಒಂದು ಯುದ್ಧವಿಮಾನ ಮಾಡಿ ಬೆಳ್ಳಿ ಬಣ್ಣ ಹೊಡೆದೆ. ಫಳಫಳ ಹೊಳೆಯುತ್ತಿತ್ತು. ಅದನ್ನು ನೋಡಿದ್ದೇ ಅವರ ಮುಖ ಬಿಳಿಚಿಕೊಂಡಿತು.

"ಇನ್ನೂ ಹೋಗಿಲ್ವಾ ಇದು?" ಎಂದರು.

"ಎಲ್ಲಿಗೆ ಅಂಕಲ್?"

ಅವರು ಎದ್ದು ಕಿಟಕಿಯ ಬಳಿ ನಿಂತು, ಆಂಟಿ ಬರುವವರೆಗೂ ಆಕಾಶ ನೋಡುತ್ತಿದ್ದರು.

ಹೊಸ ಬಣ್ಣದ ಮಾಡೆಲ್ ಆಟಿಕೆಯಂತೆ ಕಾಣುತ್ತದೆ. ಅದು ನಿಜಕ್ಕೂ ಹಾರಿದೆ ಅನ್ನಿಸಬೇಕಾದರೆ ಕೊಳೆ ಮಾಡಬೇಕು. ಆ ವಾರ ಅದೇ ಕೆಲಸ ಮಾಡಿದೆ. ಕಪ್ಪು ಬಣ್ಣವನ್ನು ತಿನ್ನರಿನಲ್ಲಿ ನೀರಾಗಿಸಿ ತಗಡುಗಳ ಜೋಡಣೆಯಂತೆ ಕೊರೆದ ಗೆರೆಗಳೊಳಗೆ ಹರಿಸಿ ಒರೆಸಿದೆ. ಹರಿದ ಸ್ಪಂಜಿನ ಚೂರಿನಿಂದ ರೆಕ್ಕೆಯ ಅಂಚಿನಲ್ಲಿ ಬಣ್ಣ ಕಿತ್ತುಹೋದ ಗುರುತು ಒತ್ತಿದೆ. ಹೊಟ್ಟೆಯ ಕೆಳಗೆ ಎಣ್ಣೆ ಸೋರಿದ ಕಲೆ ಎಳೆದು, ಬಾಲದಲ್ಲಿ ಹೊಗೆ ಉಗುಳುವ ಕೊಳವೆಯ ಸುತ್ತ ಮಸಿ ತಿಕ್ಕಿದೆ.

ಮುಂದಿನ ಭಾನುವಾರ ಅಂಕಲ್ ಬಂದವರೇ ಮೇಜಿನ ಹತ್ತಿರ ಬಗ್ಗಿ ವಿಮಾನದ ಹೊಟ್ಟೆ ನೋಡಿದರು. ಬಾಲಕ್ಕೆ ಬೆರಳು ಸೋಕಿಸಿ ಸರಕ್ಕನೆ ಹಿಂದಕ್ಕೆಳೆದುಕೊಂಡರು.

"ಬಂದ್ಬಿಟ್ಟಿದೆ! ಇನ್ನೂ ಬಿಸಿ ಇದೆ ನೋಡಮ್ಮ."

ನಾನೂ ಮುಟ್ಟಿದೆ. ಬೆಚ್ಚಗಿತ್ತು. ಮೇಜಿನ ಮೇಲೆ ಬಿಸಿಲು ಬಿದ್ದಿತ್ತು, ಅದಕ್ಕೇ ಇರಬೇಕು.

ಅಂಕಲ್ ಬಾಗಿಲ ಕಡೆ ತಿರುಗಿ ನೆಟ್ಟಗೆ ನಿಂತರು. "ಬನ್ನಿ ಸಾರ್, ಕೂತ್ಕೊಳಿ," ಎಂದು ಖಾಲಿ ಕುರ್ಚಿ ಎಳೆದು ಕೊಟ್ಟರು. ಏನನ್ನೋ ಕೇಳಿಸಿಕೊಂಡವರಂತೆ ತಲೆಯಾಡಿಸಿದರು, ಒಮ್ಮೆ ನಕ್ಕರು. ಆಮೇಲೆ ನನಗೆ ಮೆಲ್ಲಗೆ, "ಸಾಹೇಬ್ರಿಗೆ ಚಳಿ ಅಂತೆ. ಫ್ಯಾನ್ ಆರ್ಸಮ್ಮ," ಎಂದರು.

ಆರಿಸಿದೆ. ಸೆಕೆಯಲ್ಲೂ ನನ್ನ ತೋಳಿನ ರೋಮ ನಿಮಿರಿತ್ತು.

ಅಷ್ಟರಲ್ಲಿ ಆಂಟಿ ತರಕಾರಿ ಚೀಲದೊಂದಿಗೆ ಬಂದು ಬಾಗಿಲಲ್ಲೇ ನಿಂತರು. ಗಂಡ ಕುರ್ಚಿಯೊಡನೆ ಮಾತಾಡುವುದನ್ನು ಕಂಡು, ನನ್ನನ್ನು ಹೊರಗೆ ಕರೆದು ಹೇಳಿದರು: "ಮದುವೆಗೆ ಮುಂಚಿನ ಮಾತು ಕಣಮ್ಮ. ಒಂದಿನ ಬೆಳಗ್ಗೆ ಇವ್ರೇ ವಿಮಾನ ತೊಳ್ದು, ಒರೆಸಿ ಕಳ್ಸಿದ್ರಂತೆ. ಅದು ವಾಪಸ್ ಬರ್ಲೇ ಇಲ್ಲ. ಚೂರೂ ಸಿಗ್ಲಿಲ್ಲ. ಅದನ್ನ ಹಾರಿಸ್ಕೊಂಡು ಹೋದ ಸಾಹೇಬ್ರು ಇವ್ರಿಗೆ ಅಣ್ಣ ಇದ್ದಂಗೆ."

ಹೊಳೆಯುವ ವಿಮಾನ ಕಂಡು ಅವರೇಕೆ ಹೆದರಿದ್ದರೆಂದು ಆಗ ತಿಳಿಯಿತು.

ಒಳಗೆ ಹೋದರೆ ಅಂಕಲ್ ನಾನು ಬಣ್ಣ ಒರೆಸುವ ಬಟ್ಟೆ ಚೂರನ್ನು ತಿನ್ನರಿನಲ್ಲಿ ಅದ್ದುತ್ತಿದ್ದರು. "ನಾಳೆ ಮತ್ತೆ ಹೋಗ್ಬೇಕಂತೆ. ತೊಳೀಬೇಕು."

"ಬೇಡಾ ರೀ!" ಎಂದು ಆಂಟಿ ಕೂಗಿಯೇಬಿಟ್ಟರು.

ಅಂಕಲ್ ಗಾಬರಿಯಿಂದ ಕುರ್ಚಿಯತ್ತ ನೋಡಿದರು. ನನಗೆ ಹೊಳೆದದ್ದು ಒಂದೇ. "ನಾಳೆ ತುಂಬ ಮೋಡ ಅಂತೆ ಅಂಕಲ್. ಹಾರಾಟ ಇಲ್ಲ."

ಅವರು "ಕೇಳಿಸ್ತಾ ಸಾರ್?" ಎಂದು ಕುರ್ಚಿಯನ್ನು ಕೇಳಿದರು. ಏನು ಉತ್ತರ ಬಂತೋ, ಬಟ್ಟೆ ಕೆಳಗಿಟ್ಟು ಮಗುವಿನಂತೆ ನಿಟ್ಟುಸಿರು ಬಿಟ್ಟರು.

ವಿಮಾನವನ್ನು ಅವರಿಗೇ ಕೊಟ್ಟೆ. ಈಗ ಅದು ಕೆಳಗಿನ ಮನೆಯ ಶೋಕೇಸಿನಲ್ಲಿದೆ. ಆಂಟಿ ಅದರ ಧೂಳನ್ನೂ ಒರೆಸುವುದಿಲ್ಲ. ಅಂಕಲ್ ದಿನವೂ ಬೆಳಗ್ಗೆ ಆಕಾಶ ಹೇಗಿದೆಯೆಂದು ಕೇಳುತ್ತಾರಂತೆ. ಹೊರಗೆ ಉರಿಬಿಸಿಲಿದ್ದರೂ ಆಂಟಿ ಪರದೆ ಎಳೆದು, "ಮೋಡ ಕವ್ಕೊಂಡಿದೆ ಕಣ್ರೀ," ಅನ್ನುತ್ತಾರೆ. ಆಮೇಲೆ ಮೂರು ಲೋಟ ಕಾಫಿ ತರುತ್ತಾರೆ.