ಮೂರು ಕ್ರೇಟು ದೂರ

ಕಳೆದ ವಾರ ನಮ್ಮ ಚಿಕ್ಕಮ್ಮ ಕಾರ್ ಶೋರೂಮಿನ ಮ್ಯಾನೇಜರೊಬ್ಬರ ಕಣ್ಣೆದುರಿಗೆ ಮಾವಿನಹಣ್ಣು ತುಂಬಿದ ಕ್ರೇಟುಗಳನ್ನು ಉದ್ದಕ್ಕೆ ಸಾಲಾಗಿ ಜೋಡಿಸಿಟ್ಟರು. ಮಾರುವುದಕ್ಕಲ್ಲ. ಬ್ರೇಕ್ ಒತ್ತಿದ ಮೇಲೆ ಕಾರು ಎಷ್ಟು ದೂರ ಹೋಗಿ ನಿಲ್ಲುತ್ತದೆ ಎಂದು ಅಳೆಯುವುದಕ್ಕೆ!

ಸರೋಜ ಚಿಕ್ಕಮ್ಮ ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ನಡೆಸುತ್ತಾರೆ. ಐವತ್ತು ದಾಟಿದ ವಯಸ್ಸು. ಒಂದು ಕಾಲದಲ್ಲಿ ಹಣ್ಣಿನ ಟೆಂಪೋವನ್ನು ತಾವೇ ಕೋಲಾರಕ್ಕೆ ಓಡಿಸಿಕೊಂಡು ಹೋಗುತ್ತಿದ್ದವರು. ಈ ಬೇಸಿಗೆಯಲ್ಲಿ ಕೆಂಪು ಬಣ್ಣದ ಒಂದು ಸ್ಪೋರ್ಟ್ಸ್ ಕಾರು ಕೊಂಡರು. (ಎರಡೇ ಬಾಗಿಲು. ಹಿಂದಿನ ಸೀಟಿಗೆ ಹೋಗಬೇಕಾದರೆ ಯೋಗಾಸನ ಬರಬೇಕು.) ‘ಈ ವಯಸ್ಸಲ್ಲಿ ಯಾಕಮ್ಮಾ?’ ಎಂದ ನೆಂಟರಿಗೆಲ್ಲ ಅವರದು ಒಂದೇ ಉತ್ತರ: ‘ಇನ್ಯಾವ ವಯಸ್ಸಲ್ಲಿ?’

ಟೆಸ್ಟ್ ಡ್ರೈವ್ ಮಾಡಿದ ದಿನ ಮಳೆ ಬಂದಿತ್ತು. ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿ, ‘ಅಂಟ್ಕೊಂಡಂಗೆ ನಿಲ್ತು ಕಣೇ!’ ಎಂದು ಮಗುವಿನಂತೆ ಹಿಗ್ಗಿ, ಅಲ್ಲೇ ಬುಕ್ ಮಾಡಿದರು. ನಾನು ಆ ಟೆಸ್ಟ್ ಕಾರಿನ ಚಕ್ರದ ಪಕ್ಕ ಕುಳಿತು ಫೋಟೋ ತೆಗೆಸಿಕೊಂಡೆ.

ಮನೆಗೆ ಬಂದ ಕಾರಿನದು ಬೇರೆಯೇ ಕಥೆ. ತಿಂಗಳೊಪ್ಪತ್ತಿನ ನಂತರ, ಆವನಿ ಹತ್ತಿರ ತುಂತುರು ಮಳೆಯಲ್ಲಿ ಮೇಕೆಗಳು ಅಡ್ಡ ಬಂದವು. ಚಿಕ್ಕಮ್ಮ ಬ್ರೇಕ್ ಒತ್ತಿದರು. ಕಾರು ನಿಂತಿತು, ಆದರೆ ಕೊನೆಯ ಮೇಕೆಯಿಂದ ಒಂದು ಗೇಣು ದೂರದಲ್ಲಿ. ಮೇಕೆ ಕಾಯುವ ಅಜ್ಜ ಬಗ್ಗಿ ನೋಡಿ, ‘ಏನಮ್ಮೋ, ಕಣ್ಣು ಕಾಣಿಸಲ್ವಾ?’ ಎಂದರು.

ಆ ಮಾತು ನಾಟಿತು. ಅಂದಿನಿಂದ ಕಾರು ಶೆಡ್ಡಿನಿಂದ ಹೊರಬರಲಿಲ್ಲ. ‘ಕಾರಿಂದಲ್ಲ ಕಣೇ ತಪ್ಪು, ನನ್ ಕಾಲೇ ನಿಧಾನ ಆಗಿದೆ. ವಯಸ್ಸಾಯ್ತು’ ಎಂದರು ಚಿಕ್ಕಮ್ಮ. ಟೆಂಪೋ ಓಡಿಸಿದ ಹೆಂಗಸು! ಯಾರೋ ಎಲ್ಲೋ ಮಾಡಿದ ತಪ್ಪಿಗೆ ಗ್ರಾಹಕರು ತಮ್ಮನ್ನೇ ಅನುಮಾನಿಸಿಕೊಳ್ಳುವುದು ನಮ್ಮಲ್ಲಿ ಎಷ್ಟು ಸುಲಭ, ನೋಡಿ.

ಗುಟ್ಟು ಬಯಲಾದದ್ದು ಮುಳಬಾಗಿಲಿನಲ್ಲಿ. ಟೆಂಪೋ ಕಾಲದಿಂದಲೂ ಚಿಕ್ಕಮ್ಮನ ಟಯರುಗಳನ್ನು ನೋಡಿಕೊಂಡು ಬಂದ ಬಾಷಾ ಭಾಯ್ ಅಲ್ಲಿದ್ದಾರೆ. ನನ್ನ ಬಲವಂತಕ್ಕೆ ಕಾರನ್ನು ಅವರ ಅಂಗಡಿಗೆ ಒಯ್ದೆವು. ಮೊಬೈಲಿನಲ್ಲಿದ್ದ ನನ್ನ ಫೋಟೋವನ್ನು ಅವರು ಬೆರಳಿನಲ್ಲಿ ಹಿಗ್ಗಿಸಿ, ನನ್ನ ಮುಖವನ್ನು ಪಕ್ಕಕ್ಕೆ ಸರಿಸಿ, ಚಕ್ರವನ್ನು ಮಾತ್ರ ನೋಡಿದರು.

‘ಅಕ್ಕಾ, ಸೈಜು ಒಂದೇ. ಟಯರ್ ಬೇರೆ. ಫೋಟೋದಲ್ಲಿರೋದು ಮೆತ್ತನೆ ರಬ್ಬರ್, ಮಳೇಲಿ ಹಿಡಿಯುತ್ತೆ, ಬೇಗ ಸವೆಯುತ್ತೆ. ನಿಮ್ದು ಗಟ್ಟಿ. ಬಾಳಿಕೆ ಬರುತ್ತೆ, ಒದ್ದೇಲಿ ಸ್ವಲ್ಪ ಜಾರುತ್ತೆ.’

ಎರಡೂ ಕಾರ್ಖಾನೆಯಲ್ಲೇ ಹಾಕಿ ಕಳಿಸಿದವು. ಒಂದೇ ಮಾಡೆಲ್, ಒಂದೇ ಬೆಲೆ. ಯಾವ ಕಾರಿಗೆ ಯಾವ ಟಯರ್ ಎಂದು ಬ್ರೋಷರಿನಲ್ಲಿ ಒಂದಕ್ಷರವಿಲ್ಲ. (ಸೀಟಿನ ದಾರದ ಬಣ್ಣಕ್ಕೆ ಮಾತ್ರ ಅರ್ಧ ಪುಟ!) ಗ್ರಾಹಕರ ಹಕ್ಕುಗಳ ಮೇಲೆ ವಿಶ್ವವಿದ್ಯಾಲಯದಲ್ಲಿ ಪ್ರಬಂಧ ಬರೆದವಳು ನಾನು. ಟಯರಿನ ಪಕ್ಕದಲ್ಲೇ ಕುಳಿತು ಅದರ ಹೆಸರನ್ನು ಓದಿರಲಿಲ್ಲ.

ನಾನು ಮೂರು ಪುಟದ ದೂರು ಬರೆದೆ. ಚಿಕ್ಕಮ್ಮ ಶೋರೂಮಿಗೆ ಫೋನ್ ಮಾಡಿದರು. ‘ಎಲ್ಲ ಶೋರೂಮಿನಲ್ಲೂ ಹೀಗೇ’ ಎಂದರು ಮ್ಯಾನೇಜರ್. ಚಿಕ್ಕಮ್ಮ ಬಿಡಲಿಲ್ಲ: ‘ನಿಮ್ ಟೆಸ್ಟ್ ಕಾರ್ ತಗೊಂಡ್ಬನ್ನಿ. ನಮ್ ಕಾರೂ ಇರುತ್ತೆ. ನೆಲಕ್ಕೆ ನೀರು ಹಾಕ್ಸಿರ್ತೀನಿ.’

ಮಾಲೂರಿನವರಾದ ಆ ಮ್ಯಾನೇಜರ್ ಬಂದರು. ಅದಕ್ಕೆ ಅವರನ್ನು ಮೆಚ್ಚಬೇಕು. ಮಂಡಿಯ ಹಿಂದೆ ಲಾರಿಗಳು ನಿಲ್ಲುವ ಉದ್ದನೆಯ ಸಿಮೆಂಟ್ ಅಂಗಳ ಒದ್ದೆಯಾಗಿ ಹೊಳೆಯುತ್ತಿತ್ತು. ಬಾಷಾ ಭಾಯ್ ಎರಡೂ ಕಾರುಗಳಿಗೆ ಸಮನಾಗಿ ಗಾಳಿ ತುಂಬಿದರು. ಸುಣ್ಣದ ಗೆರೆ ಎಳೆದಾಯಿತು. ಗೆರೆ ಮುಟ್ಟಿದಾಗ ವೇಗ ಐವತ್ತು. ಮುಟ್ಟಿದ ಕೂಡಲೇ ಬ್ರೇಕ್. ಚಿಕ್ಕಮ್ಮ ಒಂದೊಂದರಲ್ಲೂ ಮೂರು ಸಲ, ಮ್ಯಾನೇಜರ್ ಮೂರು ಸಲ.

ಯಾರು ಓಡಿಸಿದರೂ ಚಿಕ್ಕಮ್ಮನ ಕಾರು ಮೂರು ಕ್ರೇಟು ಮುಂದೆ ಹೋಗಿಯೇ ನಿಂತಿತು. ನೆಲ ಒಣಗಿದ ಮೇಲೆ ಆ ಅಂತರ ಅರ್ಧ ಕ್ರೇಟಿಗೂ ಬರಲಿಲ್ಲ. ಅಂದರೆ ಯಾವ ಟಯರೂ ಕೆಟ್ಟದ್ದಲ್ಲ. ಹೇಳದೆ ಕೊಟ್ಟದ್ದು ಕೆಟ್ಟದ್ದು.

ಚಿಕ್ಕಮ್ಮ ಕಾರಿನಿಂದ ಇಳಿದು, ತಮ್ಮ ಬಲಗಾಲನ್ನೊಮ್ಮೆ ನೆಲಕ್ಕೆ ಕುಟ್ಟಿದರು. ‘ನನ್ ಕಾಲು ಸರಿಯಾಗೇ ಇದೆ ಕಣಪ್ಪಾ. ನಮ್ ಮಂಡೀಲಿ ಸ್ಯಾಂಪಲ್ ಒಂದು, ಲೋಡು ಇನ್ನೊಂದು ಆದ್ರೆ ಲಾರೀನೇ ವಾಪಸ್, ಗೊತ್ತಾ?’

ಮ್ಯಾನೇಜರ್ ಅಳತೆಗೆ ಇಟ್ಟಿದ್ದ ಕ್ರೇಟೊಂದನ್ನು ತೋರಿಸಿ, ‘ಹಾಗಾದ್ರೆ ಇದನ್ನ ಸುರೀಲಾ ಅಮ್ಮಾ?’ ಎಂದರು.

ಸುರಿದರು. ಮೇಲಿನ ಸಾಲಿನಲ್ಲಿ ಅಂಗೈ ತುಂಬುವ ಬಾದಾಮಿ ಹಣ್ಣು. ಕೆಳಗೆ ಸಣ್ಣವು, ಒಂದೆರಡಕ್ಕೆ ಕಪ್ಪು ಚುಕ್ಕೆ.

ಬಾಷಾ ಭಾಯ್ ಆಕಾಶ ನೋಡಿದರು. ನಾನು ನನ್ನ ಮೂರು ಪುಟಗಳನ್ನು ಮಡಚಿಟ್ಟೆ. ಚಿಕ್ಕಮ್ಮನ ಮುಖ ಅವರ ಕಾರಿನ ಬಣ್ಣಕ್ಕೆ ತಿರುಗಿತು. ‘ಎಲ್ರೂ ಹಿಂಗೇ ತುಂಬೋದು...’ ಎಂದು ಶುರು ಮಾಡಿ, ಅರ್ಧಕ್ಕೇ ನಿಲ್ಲಿಸಿದರು. ‘ಎಲ್ಲ ಶೋರೂಮಿನಲ್ಲೂ ಹೀಗೇ’ ಎಂದು ಆ ಮ್ಯಾನೇಜರ್ ಫೋನಿನಲ್ಲಿ ಹೇಳಿದ್ದು ಅವರಿಗೂ ನೆನಪಾಗಿರಬೇಕು. ನಂತರ ಜೋರಾಗಿ ನಕ್ಕುಬಿಟ್ಟರು.

‘ಆಯ್ತಪ್ಪಾ. ನೀನು ನಿನ್ ಕಾರು ಸರಿ ಮಾಡು. ನಾನು ನನ್ ಕ್ರೇಟು ಸರಿ ಮಾಡ್ತೀನಿ.’

ಮ್ಯಾನೇಜರ್ ತಮ್ಮ ಮೇಲಿನವರಿಗೆ ಅಲ್ಲಿಂದಲೇ ಫೋನ್ ಮಾಡಿ ಒಪ್ಪಿಗೆ ಪಡೆದರು. ಪರಿಹಾರ ಎಷ್ಟು ಸರಳವಾಗಿತ್ತೆಂದರೆ, ಅದು ನನಗೆ ಹೊಳೆದೇ ಇರಲಿಲ್ಲ. ಟೆಸ್ಟ್ ಕಾರಿನ ನಾಲ್ಕು ಚಕ್ರ ಚಿಕ್ಕಮ್ಮನ ಕಾರಿಗೆ. ಚಿಕ್ಕಮ್ಮನವು ಟೆಸ್ಟ್ ಕಾರಿಗೆ. ಬಾಷಾ ಭಾಯ್ ರಬ್ಬರಿನ ಆಳ ಅಳೆದು, ‘ಸವೆದಿರೋದು ಕಮ್ಮಿ ಅಕ್ಕಾ, ಧೈರ್ಯವಾಗಿ ಹಾಕಿಸ್ಕೊಳ್ಳಿ’ ಎಂದ ಮೇಲೆ ಜಾಕ್ ಏರಿತು. ಈಗ ಆ ಶೋರೂಮಿನಲ್ಲಿ ಓಡಿಸಿ ನೋಡುವವರಿಗೆ, ಮನೆಗೆ ಬರುವ ಟಯರೇ ಸಿಗುತ್ತದೆ. ಕಾರಿನ ಪಕ್ಕ ಟಯರಿನ ಹೆಸರು ಬರೆದ ಬೋರ್ಡನ್ನೂ ಮ್ಯಾನೇಜರ್ ಇಟ್ಟಿದ್ದಾರೆ. ಹೋಗಿ ನೋಡಿಬಂದೆ. (ನಂಬಿಕೆ ಬೇರೆ, ಪರಿಶೀಲನೆ ಬೇರೆ.)

ಚಿಕ್ಕಮ್ಮ ಈಗ ಮಳೆ ಬಂದರೆ ಸಾಕು, ಕೀಲಿಕೈ ಹುಡುಕುತ್ತಾರೆ.

ಮೊನ್ನೆ ಗಡಿಯಾಚೆಯ ತೆಲುಗು ವ್ಯಾಪಾರಿಯೊಬ್ಬರು ಮಂಡಿಗೆ ಬಂದರು. ಅವರು ಕೇಳುವ ಮೊದಲೇ ಚಿಕ್ಕಮ್ಮ ಒಂದು ಕ್ರೇಟು ಎತ್ತಿ ಗೋಣಿಚೀಲದ ಮೇಲೆ ಸುರಿದರು. ‘ಏಂದಮ್ಮಾ, ಕಿಂದ ಕಾಯಲು ಮುಂದೇ ಚೂಪಿಸ್ತಾಂಡಾರು?’ ಎಂದು ಅವರು ಬೆರಗಾದರು, ಕೆಳಗಿನ ಹಣ್ಣನ್ನು ಮೊದಲೇ ತೋರಿಸುತ್ತೀರಲ್ಲ ಎಂದು. ಒಂದೊಂದನ್ನೇ ಒತ್ತಿ ನೋಡಿದರು. ಇಡೀ ಲೋಡನ್ನು ಒಯ್ದರು. ಮತ್ತಾವ ಕ್ರೇಟನ್ನೂ ಮುಟ್ಟಿ ನೋಡಲಿಲ್ಲ.

ನನ್ನ ಮೂರು ಪುಟ ವ್ಯರ್ಥವಾಗಲಿಲ್ಲ. ಪ್ರತಿ ಕಾರಿನ ಟಯರಿನ ಹೆಸರನ್ನು ಬುಕಿಂಗ್‌ಗೆ ಮೊದಲೇ ಬರೆದುಕೊಡಿ ಎಂದು ಅವನ್ನು ತಿದ್ದಿ ಕಂಪನಿಗೆ ಕಳಿಸಿದ್ದೇನೆ. ಉತ್ತರ ಬಂದಿಲ್ಲ. ಬರುವವರೆಗೂ ಕಳಿಸುತ್ತೇನೆ.

ಚಿಕ್ಕಮ್ಮ ತಮ್ಮ ಕ್ರೇಟು ಸುರಿದಾಯಿತು, ಕಂಪನಿಯವರೇ. ನಿಮ್ಮದು ಯಾವಾಗ?